ಬಾಲ ನಂಬಬೇಡಿ, ಉಗುರು ನೋಡಿ

ಜೂನ್ ೧೪

ಹುಳ ಹುಡುಕಲು ಹೋದ ಹೆಂಡತಿಗೆ,

ನೀನು ಹೋದ ಮೇಲೆ ಮನೆ ಯಾಕೋ ಉದ್ದ ಆಗಿದೆ. ಅಡುಗೆಮನೆಯಿಂದ ಹಜಾರಕ್ಕೆ ಬರೋದರೊಳಗೆ ಚಹಾ ಆರಿಹೋಗುತ್ತೆ. ಅಮ್ಮ ಹೇಳ್ತಾಳೆ, "ಚಹಾ ಆರಲ್ಲ ಕಣೋ, ನೀನು ಕಿಟಕಿ ಹತ್ರ ನಿಂತುಬಿಡ್ತೀಯ" ಅಂತ.

ಅಂಗಡಿ ಎಂದಿನ ಹಾಗೇ ಇದೆ. ಮೆಟ್ಟಿಲ ಕೆಳಗಿನ ಆ ಗೂಡಲ್ಲಿ ಕೂತು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಯಾರದೋ ಕೈಗಡಿಯಾರದ ಹೊಟ್ಟೆ ಬಗೆದು ನೋಡೋದು. ಗಿರಾಕಿಗಳು "ಎಲ್ಲಿ ನಿಮ್ಮ ಮನೆಯವರು ಕಾಣಲ್ಲ" ಅಂತಾರೆ. "ನದೀಲಿ ಹುಳ ನೋಡ್ತಿದ್ದಾಳೆ" ಅಂತೀನಿ. ನಗ್ತಾರೆ. ನಾನೂ ನಗ್ತೀನಿ, ಅವರಿಗಿಂತ ಸ್ವಲ್ಪ ತಡವಾಗಿ.

ನೀರಿನ ಆಫೀಸಲ್ಲಿ ಮೀಟರ್ ಬಿಲ್ಲು ಬರೀತಿದ್ದ ನೀನು ಈ ನದಿ ನೀರು ತಪಾಸಣೆ ಕೆಲಸಕ್ಕೆ ಪರೀಕ್ಷೆ ಕಟ್ಟಿ ಪಾಸಾದಾಗ ಬೀದಿಗೆಲ್ಲ ಡಂಗುರ ಹೊಡೆದವನು ನಾನೇ. ಎಂಟು ತಿಂಗಳ ತರಬೇತಿ ಅನ್ನೋದು ಆಗ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಆ ಕಣಿವೇಲಿ ಫೋನೂ ಹಿಡಿಯಲ್ವಂತೆ. ಆಯ್ತು, ಬರೆಯೋಣ. ಅಲ್ಲಿ ಏನು ಮಾಡ್ತೀಯ, ಯಾರ ಜತೆ ಮಾಡ್ತೀಯ, ಎಲ್ಲ ಬರಿ.

ನಿನ್ನ
ಗಡಿಯಾರದವನು


ಜೂನ್ ೨೮

ಗಡಿಯಾರದವರಿಗೆ,

ಬೆಳಿಗ್ಗೆ ಮೊಣಕಾಲುದ್ದ ನೀರಿಗಿಳೀತೀವಿ. ಬಲೆಯನ್ನು ಹರಿವಿಗೆ ಅಡ್ಡ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಲ್ಲಿ ಕಲಕಬೇಕು. ಅಡಿಯಲ್ಲಿದ್ದ ಹುಳವೆಲ್ಲ ಬಲೆಗೆ ಬರುತ್ತೆ. ಅದನ್ನು ಬಿಳಿ ತಟ್ಟೆಗೆ ಸುರಿದರೆ ಮೊದಲು ಬರೀ ಕಸ ಕಾಣುತ್ತೆ. ದೊಡ್ಡವರು ಹೇಳ್ತಾರೆ, "ಸುಮ್ಮನೆ ನೋಡ್ತಿರಿ, ಕಸ ನಡೆಯೋಕೆ ಶುರುಮಾಡುತ್ತೆ" ಅಂತ. ನಿಜ. ಒಂದು ಕಡ್ಡಿಗೆ ಕಾಲು ಬರುತ್ತೆ, ಒಂದು ಮರಳಿನ ಕೊಳವೆ ತಲೆ ಹೊರಗೆ ಹಾಕುತ್ತೆ!

ಈ ತರಬೇತಿ ಕೇಂದ್ರಕ್ಕೆ ಮುಖ್ಯಸ್ಥರು ಅವರೇ, ಎಲ್ಲರೂ ದೊಡ್ಡವರು ಅಂತೀವಿ. ಯಾವ ಹುಳ ಎಲ್ಲಿದೆ ಅನ್ನೋದರ ಮೇಲೆ ನೀರು ಎಷ್ಟು ಚೊಕ್ಕಟ ಅಂತ ಹೇಳಿಬಿಡ್ತಾರೆ. ಸ್ಟೋನ್‌ಫ್ಲೈ ಅಂತ ಒಂದಿದೆ, ಕೊಳಕು ನೀರಲ್ಲಿ ಬದುಕಲ್ಲ. ಮೇಫ್ಲೈ ಕೆಲವು ಜಾತಿ ಸ್ವಲ್ಪ ತಡ್ಕೊಳ್ಳುತ್ತೆ. ಎರಡರ ಮರಿಗಳೂ ನೋಡೋಕೆ ಅಕ್ಕತಂಗಿಯರ ಹಾಗೆ. ಮೇಫ್ಲೈಗೆ ಸಾಮಾನ್ಯವಾಗಿ ಮೂರು ಬಾಲ, ಸ್ಟೋನ್‌ಫ್ಲೈಗೆ ಎರಡು. ಮೊದಲ ದಿನ ನಾನು ಎರಡು ಬಾಲ ನೋಡಿ ಜಂಬದಿಂದ "ಸ್ಟೋನ್‌ಫ್ಲೈ" ಅಂದೆ. ದೊಡ್ಡವರು ನಗಲಿಲ್ಲ. "ಬಾಲ ನಂಬಬೇಡಿ, ಬಾಲ ಮುರಿಯುತ್ತೆ. ಉಗುರು ನೋಡಿ" ಅಂದ್ರು. ಸೂಕ್ಷ್ಮದರ್ಶಕದಲ್ಲಿ ಕಾಲಿನ ತುದಿ ತೋರಿಸಿದ್ರು. ಒಂದೇ ಉಗುರು. ಸ್ಟೋನ್‌ಫ್ಲೈ ಆಗಿದ್ರೆ ಪ್ರತಿ ಕಾಲಿಗೂ ಎರಡಿರ್ತಿತ್ತು. ಹೊಟ್ಟೆಯ ಪಕ್ಕದಲ್ಲಿ ಸಾಲಾಗಿ ಎಲೆಯಂಥ ಕಿವಿರು ಬೇರೆ. ಮೇಫ್ಲೈಯೇ, ಬಾಲವೊಂದು ಉದುರಿತ್ತು ಅಷ್ಟೆ.

ದೊಡ್ಡವರ ಜತೆ ನೋಡ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಅತ್ತೆಯ ಮಂಡಿನೋವು ಹೇಗಿದೆ?

ನಿಮ್ಮ
ನೀರುಪಾಲಾದವಳು


ಜುಲೈ ೧೦

ನೀರುಪಾಲಾದವಳಿಗೆ,

ಅಮ್ಮನ ಮಂಡಿ ಚೆನ್ನಾಗಿದೆ. ನಿನ್ನ ಕಾಗದದಲ್ಲಿ ಅದಕ್ಕೊಂದು ಸಾಲು ಸಿಕ್ಕಿತು, ನನಗೆ ಅದೂ ಇಲ್ಲ. ಉಳಿದದ್ದೆಲ್ಲ ದೊಡ್ಡವರು. ದೊಡ್ಡವರು ಹೇಳಿದ್ರು, ದೊಡ್ಡವರು ತೋರಿಸಿದ್ರು, ದೊಡ್ಡವರು ನಗಲಿಲ್ಲ. ನಗದೇ ಇದ್ದದ್ದಕ್ಕೂ ಒಂದು ಸಾಲು! ನಾನಿಲ್ಲಿ ಹನ್ನೆರಡು ವರ್ಷದಿಂದ ನಗಿಸ್ತಾ ಇದ್ದೀನಲ್ಲ, ಅದಕ್ಕೇನೂ ಇಲ್ವಾ?

ಇರಲಿ. ಭೂತಗಾಜು ನನ್ನ ಹತ್ರಾನೂ ಇದೆ. ಚಿಮಟ ಇದೆ. ಭಾನುವಾರ ಪಾರ್ಕಿನ ಕೊಳಕ್ಕೆ ಹೋದೆ, ಚಹಾ ಸೋಸೋ ಜರಡಿ ತಗೊಂಡು. ಅಮ್ಮನ ಬಿಳಿ ತಟ್ಟೇಲಿ ಸುರಿದೆ. ನೀನು ಹೇಳಿದ ಹಾಗೆ ಕಸ ನಡೆಯಿತು. ಅಮ್ಮನೂ ನಡೆದಳು, ಸೀದಾ ಮನೆಯಿಂದ ಆಚೆಗೆ. "ಆ ತಟ್ಟೇಲಿ ಇನ್ನು ನಾನು ಊಟ ಮಾಡಿದ್ರೆ ಕೇಳು" ಅಂದಳು.

ನನಗೆ ಸಿಕ್ಕಿದ್ದು ಒಂದು ತೆಳ್ಳನೆ ಹುಳ, ಬೆಂಕಿಕಡ್ಡಿ ಥರ. ಹಿಂದೆ ಮೂರು ಅಗಲವಾದ ಬಾಲ. ಮೂರು ಬಾಲ ಅಂದ್ರೆ ಮೇಫ್ಲೈ. ಸರಿ ತಾನೇ? ನಿನ್ನ ದೊಡ್ಡವರನ್ನ ಕೇಳದೆ ನೀನೇ ಹೇಳು.

ಗಡಿಯಾರದವನು


ಜುಲೈ ೨೨

ಗಡಿಯಾರದವರಿಗೆ,

ಎಷ್ಟು ನಕ್ಕೆ ಅಂದ್ರೆ ಹೊಟ್ಟೆ ಹುಣ್ಣಾಯಿತು. ಅತ್ತೆ ಮನೆಯಿಂದ ಆಚೆ ನಡೆದದ್ದನ್ನ ದೊಡ್ಡವರಿಗೆ ಓದಿ ಹೇಳಿದೆ. ಅವರೂ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಿಮ್ಮದು ಮೇಫ್ಲೈ ಅಲ್ಲ. ಅಗಲವಾಗಿ ಎಲೆ ಥರ ಇದೆ ಅಂದ್ರಲ್ಲ, ಅವು ಬಾಲ ಅಲ್ಲ, ಕಿವಿರು. ಏರೋಪ್ಲೇನ್ ಚಿಟ್ಟೆಯ ಬಳಗದಲ್ಲಿ ತೆಳ್ಳಗೆ ಸೂಜಿ ಥರ ಒಂದಿರುತ್ತಲ್ಲ, ಕೂತಾಗ ರೆಕ್ಕೆ ಮಡಚಿಕೊಳ್ಳೋದು, ಅದರ ಮರಿ. ಮೆತ್ತಗೆ ಚಿಮಟದಿಂದ ಗದ್ದದ ಕೆಳಗೆ ನೋಡಿ. ತುಟಿ ಮಡಚಿ ಇಟ್ಟುಕೊಂಡಿರುತ್ತೆ. ಬೇಟೆ ಕಂಡರೆ ಕೈ ಚಾಚಿದ ಹಾಗೆ ಚಾಚುತ್ತೆ. ದೊಡ್ಡವರು ಹೇಳಿದ್ರು, ಮೊದಲ ಸಲಕ್ಕೆ ಇಷ್ಟು ಸರಿಯಾಗಿ ಬಣ್ಣಿಸಿದ್ದಾರೆ, ಪರವಾಗಿಲ್ಲ ಅಂತ.

ಇಲ್ಲಿ ಮಳೆಯ ಚಳಿ ಶುರುವಾಗಿದೆ. ನನ್ನ ಬಟ್ಟೆ ಸಾಲಲ್ಲ ಅಂತ ದೊಡ್ಡವರು ತಮ್ಮ ಸ್ವೆಟರ್ ಕೊಟ್ಟಿದ್ದಾರೆ. ಮಂಡಿವರೆಗೆ ಬರುತ್ತೆ, ಬೆಚ್ಚಗಿದೆ.

ನಿಮ್ಮ
ನೀರುಪಾಲಾದವಳು


ಆಗಸ್ಟ್ ೩

ನಾನು ನಿನಗೆ ಬರೆದದ್ದು ನಿನಗೆ. ಊರಿಗೆಲ್ಲ ಓದಿ ಹೇಳೋಕಲ್ಲ. ನಮ್ಮಮ್ಮ ಯಾರೋ ಗೊತ್ತಿಲ್ಲದವನ ನಗೆಗೆ ಸರಕಲ್ಲ. "ಪರವಾಗಿಲ್ಲ" ಅಂತ ನನಗೆ ಮಾರ್ಕ್ಸು ಹಾಕೋಕೆ ಅವನು ಯಾರು?

ಆ ಸ್ವೆಟರ್ ಬಿಚ್ಚಿ ವಾಪಸ್ ಕೊಡು. ನಾನೊಂದು ಕಳಿಸ್ತಿದ್ದೀನಿ, ಇದೇ ಪಾರ್ಸಲ್ಲಲ್ಲಿದೆ. ನಿನ್ನ ಅಳತೆಯದು.


ಸೆಪ್ಟೆಂಬರ್ ೪

ಸೊಸೆಗೆ,

ತಿಂಗಳಾಯಿತು ನಿನ್ನ ಕಾಗದ ಇಲ್ಲ. ಅವನು ಅಂಚೆಯವನನ್ನು ಬೀದಿ ತುದಿಯಲ್ಲೇ ತಡೆದು ಕೇಳ್ತಾನೆ. ಅಂಚೆಯವನು ಈಗ ಪಕ್ಕದ ಬೀದಿಯಿಂದ ಸುತ್ತಿ ಬರ್ತಾನೆ, ಪಾಪ.

ನೆನ್ನೆ ಒಬ್ಬರ ಗೋಡೆ ಗಡಿಯಾರಕ್ಕೆ ಇನ್ನೊಬ್ಬರ ಮುಳ್ಳು ಹಾಕಿ ಕಳಿಸಿದ್ದಾನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ, ಇವನ ಕಣ್ಣಿಗೆ ಕಂಡದ್ದೆಲ್ಲ ಸ್ವೆಟರ್. ನಿನ್ನ ಹಳೇ ಆಫೀಸಿನವರು ಯಾರೋ ದಾರೀಲಿ ಸಿಕ್ಕಿ "ನಿಮ್ಮವರು ಅಲ್ಲೇ ಖಾಯಂ ಆಗಬಹುದು" ಅಂದರಂತೆ. ಅಷ್ಟೇ ಸಾಕಾಯಿತು.

ಇವತ್ತು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ್ದಾನೆ. ಈ ಕಾಗದ ನಿನ್ನ ಕೈಗೆ ಸಿಗೋ ಹೊತ್ತಿಗೆ ಅವನೂ ಸಿಕ್ಕಿರ್ತಾನೆ. ಆದರೂ ಬರೆದೆ, ನಾಳೆ ಅತ್ತೆ ಹೇಳಲಿಲ್ಲ ಅನ್ನಬಾರದು. ಬೈದರೆ ಬೈಸಿಕೊಳ್ಳಬೇಡ. ಆದರೆ ಊಟ ಹಾಕು, ಹಸಿವಿದ್ದರೆ ಇನ್ನೂ ಪೆದ್ದನ ಹಾಗೆ ಆಡ್ತಾನೆ.

ನಿನ್ನ ಅತ್ತೆ


ಸೆಪ್ಟೆಂಬರ್ ೧೮

ಗಡಿಯಾರದವರಿಗೆ,

ನೀವು ಹೋಗಿ ಎರಡು ವಾರವಾಗುತ್ತಾ ಬಂದ ಮೇಲೆ ಬರೀತಿದ್ದೀನಿ. ಮೊದಲೇ ಬರೆದಿದ್ದರೆ ಬೈಗುಳವೇ ಬರ್ತಿತ್ತು.

ಅವತ್ತು ನೀವು ದಡದ ಮೇಲೆ ಚೀಲ ಹಿಡಿದು ನಿಂತು, "ದೊಡ್ಡವರು ಅಂದ್ರೆ ಯಾರು ಇಲ್ಲಿ?" ಅಂತ ಕೂಗಿದ್ರಿ. ನೀರಲ್ಲಿ ಬಗ್ಗಿದ್ದವರು ನೆಟ್ಟಗಾಗಿ, ಎದೆಮಟ್ಟದ ರಬ್ಬರ್ ಪ್ಯಾಂಟಿನ ಪಟ್ಟಿ ಸರಿಮಾಡಿಕೊಂಡು, "ನಾನೇ. ಏನಾಗಬೇಕಿತ್ತು ತಮ್ಮಾ?" ಅಂದ್ರು. ಅರವತ್ತರ ಹತ್ತಿರದ, ಬಿಳಿ ಜಡೆಯ ಹೆಂಗಸು. ನಿಮ್ಮ ಮುಖ ನೋಡಬೇಕಿತ್ತು ನೀವು. ಚಾವಿ ಕೊಟ್ಟು ಕೊಟ್ಟು ಸ್ಪ್ರಿಂಗ್ ಕಿತ್ತುಹೋದ ಗಡಿಯಾರದ ಹಾಗೆ ಒಮ್ಮೆಲೇ ಸಡಿಲವಾಯಿತು.

ಅವರು ಗಂಡಸು ಅಂದುಕೊಂಡಿದ್ದೀರಿ ಅಂತ ಆಗಸ್ಟ್‌ನ ಕಾಗದದಲ್ಲೇ ನನಗೆ ಗೊತ್ತಾಗಿತ್ತು. ಒಂದು ಸಾಲು ಬರೆದಿದ್ರೆ ಮುಗೀತಿತ್ತು. ಬೇಕಂತಲೇ ಬರೆಯಲಿಲ್ಲ. ಸ್ವೆಟರ್ ಬಿಚ್ಚು ಅಂತ ಅಪ್ಪಣೆ ಕೊಟ್ಟವರಿಗೆ ನಾನ್ಯಾಕೆ ಸಮಾಧಾನ ಹೇಳಲಿ?

ಆದರೆ ನನಗೆ ನೋವಾದದ್ದು ಅದಲ್ಲ. ಆಮೇಲೆ ನೀವು ಎಷ್ಟು ಖುಷಿಯಾಗಿದ್ರಿ! ಅವರಿಗೆ ಗಡಿಯಾರದ ಜೋಕು ಹೇಳಿದ್ರಿ, ಎರಡು ತಟ್ಟೆ ಊಟ ಮಾಡಿದ್ರಿ, ಗೊರಕೆ ಹೊಡೆದು ಮಲಗಿದ್ರಿ. ಬೆಳಿಗ್ಗೆ ನನ್ನ ಮೇಜಿನ ಪಕ್ಕ ಬಹಳ ಹೊತ್ತು ಕೂತಿದ್ರಿ. ನಾನು ಸೂಕ್ಷ್ಮದರ್ಶಕದ ಕೆಳಗೆ ಜೀವ ಇರೋ ಮರಿ ಇಟ್ಟಿದ್ದೆ, ನಿಮಗೆ ಅಂತಲೇ. ನೀವು ಕೇಳಲೇ ಇಲ್ಲ. ಬಂದದ್ದು ಅವರು ಗಂಡೋ ಹೆಣ್ಣೋ ನೋಡೋಕೆ. ನೋಡಿದ್ರಿ, ರಿಪೇರಿ ಆಯ್ತು ಅಂತ ಬಸ್ಸು ಹತ್ತಿದ್ರಿ. ನಾನೇನು ಮಾಡ್ತೀನಿ ಅನ್ನೋದು ನಿಮಗೆ ಬೇಕಿರಲಿಲ್ಲ.

ಇನ್ನೊಂದು ವಿಷಯ. ತರಬೇತಿ ಮುಗಿದ ಮೇಲೆ ಇನ್ನೂ ಎರಡು ವರ್ಷ ಇಲ್ಲೇ ಕೆಲಸಕ್ಕೆ ಇರ್ತೀರಾ ಅಂತ ದೊಡ್ಡವರು ಕೇಳಿದ್ದಾರೆ. ನಿಮಗೆ ಎದುರಲ್ಲೇ ಹೇಳೋಣ ಅಂತಿದ್ದೆ. ನೀವು ನಗ್ತಾ ಇದ್ರಿ.

ನಿಮ್ಮ ಹೆಂಡತಿ


ಅಕ್ಟೋಬರ್ ೬

ಹೆಂಡತಿಗೆ,

ಆ ಖುಷಿ ಬಸ್ಸಲ್ಲಿ ಮುಂದಿನ ಊರು ಬರೋವರೆಗೂ ಇತ್ತು. ಅಲ್ಲಿ ಇಳಿದು ಚಹಾ ಕುಡಿಯುವಾಗ ಎದೇಲಿ ಮತ್ತೆ ಅದೇ ಕಿಚ್ಚು. ನನಗೇ ಆಶ್ಚರ್ಯ. ಗಂಡಸಲ್ಲ, ಮುದುಕಿ, ನಮ್ಮಮ್ಮನ ವಯಸ್ಸು. ಇನ್ನೇನಪ್ಪಾ ನಿನಗೆ, ಅಂತ ನನ್ನನ್ನೇ ಕೇಳಿಕೊಂಡೆ.

ಅವತ್ತು ಬೆಳಿಗ್ಗೆ ಆಕೆ ಒಂದು ಗಾಜಿನ ಬಟ್ಟಲು ನಿನ್ನ ಕಡೆ ತಳ್ಳಿದರು. ನೀನು ಬಗ್ಗಿ ನೋಡಿ "ಎರಡು ಉಗುರು" ಅಂದೆ. ಅವರು ಶಾಬಾಷ್ ಅನ್ನಲಿಲ್ಲ, ತಲೆಯೂ ಆಡಿಸಲಿಲ್ಲ, ಮುಂದಿನ ಬಟ್ಟಲು ತಳ್ಳಿದರು. ನೀನು ಹೇಳಿದ ಮೇಲೆ ಮುಗೀತು, ಇನ್ನು ನೋಡೋದೇನಿದೆ ಅನ್ನೋ ಹಾಗೆ. ಆಗ ನಿನ್ನ ಮುಖ ಹೇಗಾಯಿತು ಗೊತ್ತಾ? ಈ ಹನ್ನೆರಡು ವರ್ಷದಲ್ಲಿ ನಾನು ತಂದುಕೊಟ್ಟ ಯಾವುದಕ್ಕೂ ಆ ಮುಖ ನನಗೆ ಸಿಕ್ಕಿಲ್ಲ. ಹೊಗಳಿದ್ದೀನಿ, ನಗಿಸಿದ್ದೀನಿ. ಇದು ಬೇರೆ. ಗಂಡಸಾಗಿದ್ದಿದ್ರೇ ಚೆನ್ನಾಗಿತ್ತು. ಕಾಲರ್ ಹಿಡೀಬಹುದಿತ್ತು. ಇದಕ್ಕೆ ಎಲ್ಲಿ ಹಿಡೀಲಿ?

ನಾನು ನೋಡಲಿಲ್ಲ ಅಂತೀಯ. ನೋಡಿದೆ. ನೀನು ಚಹಾ ತರೋಕೆ ಹೋದಾಗ ಕಣ್ಣಿಟ್ಟೆ. ಆ ಮರಿಯ ಎರಡೂ ಪಕ್ಕದಲ್ಲಿ ಕಿವಿರು ಒಂದರ ಹಿಂದೆ ಒಂದು ಬಡೀತಿತ್ತು, ಗಾಳಿಗೆ ಪೈರು ಓಲಾಡಿದ ಹಾಗೆ. ಬೆನ್ನೊಳಗೆ ಏನೋ ಮಿಡೀತಿತ್ತು. ನಾನು ಬದುಕಿಡೀ ಸಣ್ಣ ಯಂತ್ರಗಳನ್ನ ನೋಡಿದವನು, ಅಂಥದ್ದು ನೋಡಿಲ್ಲ. ನೋಡಿದ್ದೇ ತಡ ಹೆದರಿಕೆ ಆಯಿತು. ಇದನ್ನ ಬಿಟ್ಟು ಇವಳು ಮನೆಗೆ ಯಾಕೆ ಬರ್ತಾಳೆ ಅನ್ನಿಸಿತು. ನೀನು ಚಹಾ ತಂದಾಗ ಕಿಟಕಿ ನೋಡ್ತಾ ಕೂತೆ.

ಎರಡು ವರ್ಷದ ವಿಷಯ ಮುಂದಿನ ಕಾಗದಕ್ಕೆ ಇಟ್ಟಿದ್ದೀನಿ.

ಗಡಿಯಾರದವನು


ನವೆಂಬರ್ ೧೧

ಗಡಿಯಾರದವರಿಗೆ,

ನಿಮ್ಮ ಕಾಗದ ತಲೆದಿಂಬಿನ ಕೆಳಗಿದೆ. ಯಾರಿಗೂ ಓದಿ ಹೇಳಿಲ್ಲ.

ಉತ್ತರ ತಡವಾಗಿದ್ದಕ್ಕೆ ಕಾರಣ ಇದೆ. ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ, ಈಗಷ್ಟೇ ಕಾಲೇಜು ಮುಗಿಸಿದವಳು. ಎಲ್ಲರೂ ಚುರುಕಿ ಅಂತಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹುಳ ಹೆಸರಿಸ್ತಾಳೆ. ನನಗೆ ಮೂರು ತಿಂಗಳು ಹಿಡಿದದ್ದು ಅವಳಿಗೆ ಮೂರು ವಾರ. ದೊಡ್ಡವರು ಈಗ ಬಟ್ಟಲು ಅವಳ ಕಡೆ ತಳ್ಳುತ್ತಾರೆ. ಒಂದು ದಿನ ಮಧ್ಯಾಹ್ನ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡ್ತಾ ಇದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ. ಚಹಾ ಆಯಿತು ಅಂತ ಹೇಳೋಕೆ ಹೋದವಳು. ಹೇಳದೆ ವಾಪಸ್ ಬಂದು ಮೂರು ಲೋಟವನ್ನೂ ನಾನೇ ಕುಡಿದೆ. ನಗಬೇಡಿ.

ಮುಂದಿನದು ಕೇಳಿ. ಸ್ಪಿರಿಟ್ಟಿನಲ್ಲಿಟ್ಟ ಹಳೇ ಮೇಫ್ಲೈ ಒಂದಿತ್ತು, ನಡುವಿನ ಬಾಲ ಮುರಿದದ್ದು, ಪಕ್ಕದ ಕಿವಿರೂ ಉದುರಿದ್ದು. ನೋಡಿದರೆ ಸ್ಟೋನ್‌ಫ್ಲೈ ಅನ್ನಬೇಕು, ಉಗುರು ನೋಡಿದವರಿಗೆ ಮಾತ್ರ ಗೊತ್ತಾಗೋದು. ಅದನ್ನ ನಾನು ಅವಳ ತಟ್ಟೆಗೆ ಹಾಕಿದೆ. ಊರಿನ ಕೊಳಚೆ ಬಂದು ಸೇರೋ ಕೆಳದಡದ ನೀರಿನ ತಟ್ಟೆ ಅದು. ಅವಳಿಗೆ ಅವಸರ. ಎರಡು ಬಾಲ ಕಂಡಳು, ಸ್ಟೋನ್‌ಫ್ಲೈ ಅಂತ ಬರೆದಳು. ಆ ವರದಿ ಹಾಗೇ ಹೋಗಿದ್ರೆ ಅಲ್ಲಿನ ಜನ ಆ ನೀರು ಚೊಕ್ಕಟ ಅಂತ ಕುಡೀತಿದ್ರು. ಹಾಕುವಾಗ ನನಗೆ ಅದು ಹೊಳೆಯಲಿಲ್ಲ. ಹುಡುಗಿಯ ಮುಖ ಬಾಡೋದಷ್ಟೇ ಬೇಕಿತ್ತು.

ದೊಡ್ಡವರು ವರದಿ ನೋಡಿದರು, ಬಟ್ಟಲು ತರಿಸಿದರು, ಕಣ್ಣಿಟ್ಟರು. ಹುಡುಗಿಗೆ "ಉಗುರು ನೋಡಿಲ್ಲ ನೀವು" ಅಂದ್ರು, ಅಷ್ಟೆ. ಅವಳು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, "ಇದನ್ನ ತಟ್ಟೆಗೆ ಹಾಕಿದವರು ಉಗುರು ನೋಡಿದ್ರು" ಅಂದ್ರು.

ಅವತ್ತಿಂದ ನನ್ನ ಜತೆ ಕೆಲಸದ ಮಾತು ಬಿಟ್ಟರೆ ಬೇರೆ ಇಲ್ಲ. ಹುಡುಗಿಗೆ ಏನೂ ಗೊತ್ತಿಲ್ಲ. ತನ್ನದೇ ತಪ್ಪು ಅಂತ ಪ್ರತಿ ಹುಳದ ಆರೂ ಕಾಲು ಎರಡೆರಡು ಸಲ ನೋಡ್ತಾಳೆ. ಬೆರಳು ನಡುಗುತ್ತೆ ಅವಳಿಗೆ. ನೋಡೋಕಾಗಲ್ಲ.

ಎರಡು ವರ್ಷದ ಮಾತು ಇನ್ನು ಇರಲಾರದು. ನಿಮಗೆ ಸಮಾಧಾನ ಆಗಬಹುದು.

ನಿಮ್ಮವಳು


ನವೆಂಬರ್ ೨೬

ನನ್ನವಳಿಗೆ,

ಸಮಾಧಾನ ಆಯಿತು. ಸುಳ್ಳು ಯಾಕೆ ಹೇಳಲಿ. ನಿನ್ನ ಕಾಗದ ಅಂಗಡೀಲಿ ಓದಿದೆ. ಓದಿ ಮುಗಿಸಿ ಕೆಲಸಕ್ಕೆ ಕೂತವನು ಶಿಳ್ಳೆ ಹಾಕ್ತಾ ಇದ್ದೆ. ಅಮ್ಮ ಬುತ್ತಿ ತಂದವಳು ಕೇಳಿದಳು, "ಏನೋ, ಬರ್ತಾಳಂತಾ?" "ಬರಬಹುದು. ಅಲ್ಲಿ ಏನೋ ಎಡವಟ್ಟಾಗಿದೆ, ಆ ದೊಡ್ಡವರು ಇವಳ ಜತೆ ಮಾತು ಬಿಟ್ಟಿದ್ದಾರೆ" ಅಂದೆ. ಅಮ್ಮ ಬುತ್ತಿ ಮೇಜಿನ ಮೇಲೆ ಇಟ್ಟಳು. "ಅವಳು ಅಳ್ತಿದ್ದಾಳೆ, ನೀನು ಶಿಳ್ಳೆ ಹಾಕ್ತಿದ್ದೀಯ" ಅಂದಳು. ಮಂಡಿ ಹಿಡಿದುಕೊಂಡು ಹೋದಳು. ನನಗೆ ಊಟ ಸೇರಲಿಲ್ಲ.

ನೀನು ಮಾಡಿದ್ದು ಕೆಟ್ಟ ಕೆಲಸ. ಆದರೆ ಹೇಗೆ ಮಾಡಿದೆ ಅಂತ ನನಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಿಬ್ಬರ ಮನೇಲಿ ಈ ಕಾಯಿಲೆಗೆ ನಾನೇ ಹಿರಿಯ ರೋಗಿ. ಅದಕ್ಕೇ ಒಂದು ಮಾತು ಹೇಳ್ತೀನಿ. ದೊಡ್ಡವರ ಹತ್ರ ಹೋಗಬೇಡ. ಅವರಿಗೆ ಗೊತ್ತಿದೆ, ಅವರ ಹತ್ರ ಹೇಳಿದ್ರೆ ನಿನಗೇ ಹಗುರ. ಆ ಹುಡುಗಿ ಹತ್ರ ಹೋಗು. ಬೆರಳು ನಡುಗ್ತಿರೋದು ಅವಳದ್ದು.

ನಿನ್ನವನು


ಜನವರಿ ೯

ನನ್ನವರಿಗೆ,

ನಿಮ್ಮ ಕಾಗದ ಬಂದ ದಿನ ಹೋಗಲಿಲ್ಲ. ಮರುದಿನವೂ ಇಲ್ಲ. ಆಮೇಲೊಂದು ದಿನ ಹುಡುಗಿ ಬಲೆ ತೊಳೀತಿದ್ದಾಗ ಹೋಗಿ ಹೇಳಿದೆ, "ಆ ಮುರಿದ ಬಾಲದ್ದು ಆ ದಡದ್ದಲ್ಲ. ನಾನು ಹಾಕಿದ್ದು" ಅಂತ.

"ಯಾಕೆ?" ಅಂದಳು.

"ನೀನು ನನಗಿಂತ ಚೆನ್ನಾಗಿ ನೋಡ್ತೀಯ, ಅದಕ್ಕೆ."

ಬಲೆ ಬಿಸಾಕಿ ಹೋದಳು. ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ. ಊಟಕ್ಕೂ ಬೇರೆ ಮೇಜು. ಆದರೆ ಬೆರಳು ನಡುಗೋದು ನಿಂತಿತು. ಕೋಪ ಅವಳಿಗೆ ಒಳ್ಳೇದು ಮಾಡಿತು ಅನ್ಸುತ್ತೆ. ಹೋದ ವಾರ ಅವಳೇ ಬಂದು ಒಂದು ಬಟ್ಟಲು ನನ್ನ ಮುಂದೆ ಕುಕ್ಕಿದಳು. "ಇದು ನನಗೆ ಗೊತ್ತಾಗ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ, ಆದರೆ ನಿಜ ಹೇಳಿ" ಅಂದಳು. ನನಗೂ ಗೊತ್ತಾಗಲಿಲ್ಲ. ಹಾಗೇ ಹೇಳಿದೆ. ಇಬ್ಬರೂ ಕೂತು ಸಂಜೆವರೆಗೆ ನೋಡಿದೆವು. ಇನ್ನೂ ಹೆಸರು ಸಿಕ್ಕಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಹೋಗಿದೆಯಾ ಅಂದ್ರೆ, ಇಲ್ಲ. ಪಕ್ಕದಲ್ಲೇ ಕೂತಿರುತ್ತೆ, ಬೆಕ್ಕಿನ ಥರ.

ನೆನ್ನೆ ದೊಡ್ಡವರು ಕರೆದು ಎರಡು ವರ್ಷದ ಕಾಗದ ಮುಂದಿಟ್ಟರು. "ಕೆಳದಡ ನಿಮ್ಮ ಪಾಲಿಗೆ. ಅಲ್ಲಿ ತಪ್ಪಾದರೆ ಏನಾಗುತ್ತೆ ಅಂತ ನಿಮಗೆ ಚೆನ್ನಾಗಿ ಗೊತ್ತಾಗಿದೆ" ಅಂದ್ರು. ನಾನು ಸಹಿ ಹಾಕಿದೆ.

ನಿಮ್ಮನ್ನ ಕೇಳದೆ ಹಾಕಿದೆ. ಕೇಳಿದ್ರೆ ನೀವು ಹೂಂ ಅಂತಿದ್ರಿ, ಅದು ನನಗೆ ಗೊತ್ತು. ಆದರೆ ಹೂಂ ಅಂದಮೇಲೆ ಅದು ನೀವು ಕೊಟ್ಟದ್ದಾಗ್ತಿತ್ತು. ಇದೊಂದು ನನ್ನದಾಗಿರಲಿ ಅನ್ನಿಸಿತು. ಬೈಯಿರಿ, ತಡ್ಕೊಳ್ತೀನಿ.

ನಿಮ್ಮವಳು


ಜನವರಿ ೩೦

ನನ್ನವಳಿಗೆ,

ಉತ್ತರ ಬರೆದು ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಕೋಪ ಇತ್ತು. ಆಮೇಲಿನದರಲ್ಲಿ ನಾನು ಬಹಳ ದೊಡ್ಡ ಮನಸ್ಸಿನವನ ಹಾಗೆ ಬರೆದಿದ್ದೆ, ಓದಿ ನನಗೇ ನಂಬಿಕೆ ಬರಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು, "ಸಹಿ ಹಾಕಿದಳಾ? ಸದ್ಯ" ಅಂದಳು. ಯಾರ ಅಮ್ಮ ಇವಳು ಅನ್ನಿಸಿತು.

ಈ ತಿಂಗಳಿಂದ ಶನಿವಾರ ಅಂಗಡಿ ಅರ್ಧ ದಿನ. ಮಧ್ಯಾಹ್ನದ ಬಸ್ಸು ಹಿಡಿದರೆ ಸಂಜೆಗೆ ನಿನ್ನ ಕಣಿವೆ. ಈ ಶನಿವಾರ ಬರ್ತೀನಿ. ನಿಮ್ಮಿಬ್ಬರಿಗೂ ಹೆಸರು ಸಿಗದ ಆ ಹುಳ ನನಗೂ ತೋರಿಸು. ನನಗೆ ಗೊತ್ತಾಗಲ್ಲ. ಆದರೂ ತೋರಿಸು. ನೀನು ಆ ಹುಡುಗಿ ಜತೆ ಕೂತು ನೋಡುವಾಗ ನನ್ನ ಮುಖ ಕೆಟ್ಟರೆ ಕಂಡೂ ಕಾಣದ ಹಾಗಿರು.

ನಿನ್ನ ಕಾಗದದಲ್ಲಿ ಒಂದೇ ಒಂದು ತಪ್ಪಿದೆ. ಕೇಳಿದ್ರೆ ನಾನು ಹೂಂ ಅಂತಿದ್ದೆ ಅಂತ ಬರೆದಿದ್ದೀಯ. ಇಲ್ಲ ಕಣೆ. ಬೇಡ ಅಂತಿದ್ದೆ. ಅಮ್ಮನ ಮಂಡಿ, ಮನೆ, ಅಂಗಡಿ ಅಂತ ಏನೇನೋ ಹೇಳಿ, ಕೊನೆಗೆ ಅತ್ತಾದರೂ ಬೇಡ ಅಂತಿದ್ದೆ. ನೀನು ಬಂದುಬಿಡ್ತಿದ್ದೆ.

ಕೇಳದೆ ಇದ್ದದ್ದು ಒಳ್ಳೇದಾಯಿತು.

ನಿನ್ನವನು